ನಂಬಿಕೆಯ ತರಬೇತಿ ಮುಗಿದ ಸಂಜೆ

ಇಂಡಿ, ಶುಕ್ರವಾರ

ನಿಂಬೆ ಬೆಳೆಗಾರರ ಸಂಘದ ಅಧ್ಯಕ್ಷರಾದ ಬಸಂತರಾಯರಿಗೆ,

ನಿನ್ನೆ ಸಂಜೆ ನೀವು ನಮ್ಮ ಜೊತೆ ನಿಂಬೆ ಆರಿಸುವ ಕಸ್ತೂರೆವ್ವನನ್ನು ಕಳ್ಳಿಯಂತೆ ನಡೆಸಿಕೊಂಡಿರಿ.

ನಿನ್ನೆ ಮಧ್ಯಾಹ್ನವಷ್ಟೇ ನಿಮ್ಮ ‘ಪರಸ್ಪರ ನಂಬಿಕೆ’ಯ ತರಬೇತಿ ನಡೆದಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಅವಳ ಕೈ ಹಿಡಿದು ನೀವು ಗೋದಾಮಿನ ತುಂಬ ನಡೆದಿರಿ. ಒಂದು ಕ್ರೇಟೂ ಕಾಲಿಗೆ ತಾಗದಂತೆ ಅವಳು ಕರೆದೊಯ್ದಳು. ‘ನಾವೆಲ್ಲ ಒಂದೇ ಮನೆಯವರು’ ಎಂದು ಮೈಕಿನಲ್ಲಿ ಹೇಳಿ, ಅವಳ ಜೊತೆ ಫೋಟೊ ತೆಗೆಸಿಕೊಂಡಿರಿ. ನಾನೂ ಚಪ್ಪಾಳೆ ತಟ್ಟಿದೆ, ಈಗ ನಾಚಿಕೆಯಾಗುತ್ತಿದೆ.

ಸಂಜೆ ಗೇಟಿನಲ್ಲಿ ಕಾವಲುಗಾರ ಎಂದಿನಂತೆ ನಿಂಬೆ ಆರಿಸುವ ಹೆಂಗಸರ ಚೀಲಗಳನ್ನು ಮಾತ್ರ ಸುರುವಿ ನೋಡಿದ. ಕಸ್ತೂರೆವ್ವನ ಬುತ್ತಿಯ ಅರಿವೆಯನ್ನೂ ಬಿಚ್ಚಿಸಿದ. ಅವಳು ನಿಮ್ಮ ಕಾರಿನ ಹತ್ತಿರ ಬಂದು, “ಮಧ್ಯಾಹ್ನ ನೀವು ಹಿಡಕೊಂಡಿದ್ದು ಇದ ಕೈ ಅಲ್ಲೇನ್ರಿ, ಸಾವಕಾರ್ರ?” ಎಂದು ಕೇಳಿದಳು. ನೀವು ಗಾಜು ಏರಿಸಿದಿರಿ. ತರಬೇತಿ ಕೊಟ್ಟವರಿಗೆಂದು ಹಾಕಿದ ನಿಂಬೆ ಮೂಟೆ ಅದೇ ಕಾರಿನಲ್ಲಿತ್ತು. ಅದನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಇಂದು ಅವಳು ಕೆಲಸಕ್ಕೆ ಬಂದಿಲ್ಲ, ಇನ್ನು ಬರುವುದೂ ಇಲ್ಲವಂತೆ. ನಿಮ್ಮ ನಂಬಿಕೆ ಫೋಟೊ ತೆಗೆಯುವವರೆಗೆ ಬಾಳಿತು.

ತಪಾಸಣೆ ನಿಲ್ಲಿಸಿ, ಅವಳ ಮನೆಗೆ ಹೋಗಿ ನೀವೇ ಕರೆತನ್ನಿ. ಆಗದಿದ್ದರೆ ತಪಾಸಣೆಗೆ ನೀವೂ ನಮ್ಮ ಸಾಲಿನಲ್ಲಿ ನಿಲ್ಲಬೇಕು. ನಾವೆಲ್ಲ ಗೇಟಿನಲ್ಲಿ ಕಾಯುತ್ತೇವೆ. ನಿಮ್ಮ ಚೀಲ ತೆಗೆದುಕೊಂಡು ಬನ್ನಿ, ಸೋಮವಾರ ಸಂಜೆ ಐದು ಗಂಟೆಗೆ.

ನಿಂಬೆ ಆರಿಸುವ
ಭುವನೇಶ್ವರಿ