ಫೈಲಿನ ಪಕ್ಕದ ತಾರೀಕು

ಮಾರ್ಚ್ ೧೨, ಮಂಗಳವಾರ

ಕಣ್ಣು ಹತ್ತಿದರೆ ಸಾಕು, ಕಪ್ಪು ಪರದೆಯ ಮೇಲೆ ದೊಡ್ಡಪ್ಪನ ನಾಟಕ ಸಾಲುಸಾಲಾಗಿ ಅಳಿಸಿಹೋಗುವ ಕನಸು. ಕಣ್ಣು ಕಾಣದ ದೊಡ್ಡಪ್ಪ ಇವತ್ತು ನಾನು ಕೆಲಸ ಮಾಡುವ ಟೈಪಿಂಗ್ ಅಂಗಡಿಗೇ ಬಂದು ಕೊನೆಯ ದೃಶ್ಯ ಹೇಳಿ, ನೇರವಾಗಿ ಕಂಪ್ಯೂಟರಿನಲ್ಲೇ ಟೈಪ್ ಮಾಡಿಸಿದರು. ನಾಳೆ ಗಂಟಲಿನ ಆಪರೇಷನ್. ಆಮೇಲೆ ದನಿ ಇರುವುದಿಲ್ಲ.

ಅಂಗಡಿಯಲ್ಲಿರುವುದು ಮೌಸ್ ಬರುವ ಮುಂಚಿನ, ಡಾಸ್ ಅನ್ನುವ ಹಳೇ ವ್ಯವಸ್ಥೆಯ ಮಷೀನು. ಟೈಪ್ ಮಾಡಿದ ಅಪ್ಪಣೆಯನ್ನಷ್ಟೇ ಪಾಲಿಸುತ್ತದೆ, ಮನಸ್ಸಿನಲ್ಲಿರುವುದನ್ನಲ್ಲ. ಕಾಪಿ ಮಾಡಲು ಎಲ್ಲಿಂದ ಅನ್ನುವುದನ್ನು ಮೊದಲು, ಎಲ್ಲಿಗೆ ಅನ್ನುವುದನ್ನು ಆಮೇಲೆ ಹೊಡೆಯಬೇಕು. ಸಂಜೆ ಫ್ಲಾಪಿಗೆ ಹಾಕುವಾಗ ಹಿಂದುಮುಂದಾಯಿತೇ? ಆಗಿದ್ದರೆ ಫ್ಲಾಪಿಯಲ್ಲಿದ್ದ, ಕೊನೆಯ ದೃಶ್ಯವಿಲ್ಲದ ಹಳೆಯ ಫೈಲು ಇವತ್ತಿನದನ್ನು ನುಂಗಿರುತ್ತದೆ. ಹೇಗೆ ಹೊಡೆದರೂ ಮಷೀನು ಹೇಳುವುದು ಒಂದು ಫೈಲು ಕಾಪಿಯಾಯಿತು ಅಂತಲೇ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನಂಥವಳ ಕೈಗೆ ಇಂಥದ್ದನ್ನು ಕೊಡಬಾರದಿತ್ತು.

ಅಂಗಡಿಯ ಮೇಲೆಯೇ ಇರುವ ಓನರ್ ಅಕ್ಕನಿಗೆ ಫೋನ್ ಮಾಡಿ, ಇಳಿದು ಫೈಲಿನ ತಾರೀಕು ನೋಡಲು ಹೇಳಿದೆ; ಹಳೆಯದೇ ಉಳಿದಿದ್ದರೆ ಅದರ ತಾರೀಕೂ ಹಳೆಯದೇ ಇರುತ್ತದೆ.

"ಇವತ್ತಿನ ತಾರೀಕೇ ತೋರಿಸ್ತಿದೆ ಕಣೇ. ಮಷೀನಿಗಿಂತ ನೀನೇ ಜಾಸ್ತಿ ಬಿಸಿ ಆಗ್ತೀಯ. ಮಲ್ಕೋ."

ಮಲಗಿದೆ. ಆಮೇಲೆ ಹೊಳೆಯಿತು, ಮಷೀನು ಆನ್ ಮಾಡಿದರೆ ಮೊದಲು ತೋರಿಸುವುದೇ ಆ ದಿನದ ತಾರೀಕು. ಅಕ್ಕ ನೋಡಿದ್ದು ಅದನ್ನೇ ಇರಬೇಕು. ಪಕ್ಕದ ಕೋಣೆಯಲ್ಲಿ ದೊಡ್ಡಪ್ಪ ಕೆಮ್ಮುತ್ತಿದ್ದಾರೆ. ದೃಶ್ಯ ಹೋಗಿದ್ದರೆ ಈಗಲೇ ಎಬ್ಬಿಸಿ ಮತ್ತೆ ಹೇಳಿಸಿಕೊಳ್ಳಬೇಕು. ಇನ್ನೊಮ್ಮೆ ಫೋನ್ ಮಾಡಿ ಕೇಳುತ್ತೇನೆ: ಅಕ್ಕಾ, ಬೈಬೇಡಿ, 'ಡಿಐಆರ್' ಅಂತ ಹೊಡೆದ್ರೆ ಫೈಲುಗಳ ಪಟ್ಟಿ ಬರುತ್ತೆ, ಅದರಲ್ಲಿ ನಾಟಕದ ಫೈಲಿನ ಹೆಸರಿನ ಪಕ್ಕದಲ್ಲಿರೋ ತಾರೀಕು ಯಾವುದು, ಒಂದೇ ಒಂದು ಸಲ ನೋಡಿ ಹೇಳಿ.