ಕಪ್ಪು ಚೀಲದಲ್ಲಿದ್ದ ಸೀರೆಗಳು

ವರಲಕ್ಷ್ಮೀ,

ಕಸದ ಚೀಲ ತಯಾರಿಸುವ ಕಂಪನಿಯ ಷೇರು ಕೊಂಡಾಗ, "ರೀ, ಸೇರು ರಾಗಿ ತನ್ನಿ ಅಂದ್ರೆ ಕಸದ ಷೇರು ತಂದ್ರಲ್ಲಾ!" ಎಂದು ನಕ್ಕವಳು ನೀನು. ಮಾಲು ಹೇಗಿದೆ ನೋಡೋಣವೆಂದು ನಾನು ತಂದ ಚೀಲಗಳನ್ನು ಮಾತ್ರ ನೀನು ಕಸಕ್ಕೆ ಮುಟ್ಟಿಸಲಿಲ್ಲ. "ಇಂತಾ ಗಟ್ಟಿ ಕವರ್‌ಗೆ ಕಸ ಸುರಿಯೋಕೆ ಮನ್ಸು ಬತ್ತದಾ?" ಎಂದು ಒಂದರಲ್ಲಿ ನಿನ್ನ ಸೀರೆಗಳನ್ನು ತುಂಬಿ ಗಂಟು ಹಾಕಿದೆ.

ನೀನು ಹೋಗಿ ಎಂಟು ತಿಂಗಳು. ಆ ಗಂಟು ಬಿಚ್ಚಲು ನನಗೆ ಧೈರ್ಯ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಬೀರು ಒರೆಸಲೆಂದು ಅದನ್ನು ಕೆಳಗಿಳಿಸಿದ್ದೆ. ಅಷ್ಟರಲ್ಲಿ ಕಸದ ಗಾಡಿ ಬಂತು. ಅವಸರದಲ್ಲಿ ಅಡುಗೆಮನೆಯ ಚೀಲದ ಜೊತೆ ಅದನ್ನೂ ಕೊಟ್ಟುಬಿಟ್ಟೆ. ಗೊತ್ತಾದೊಡನೆ ಲುಂಗಿ ಎತ್ತಿಕಟ್ಟಿ ವಿರೂಪಾಕ್ಷಿಪುರ ರಸ್ತೆಯ ತಿರುವಿನವರೆಗೂ ಓಡಿದೆ. ಷೇರು ಬಿದ್ದ ದಿನವೂ ನನ್ನೆದೆ ಹಾಗೆ ಬಡಿದುಕೊಂಡಿರಲಿಲ್ಲ.

ಗಾಡಿಯ ಕೆಂಪಮ್ಮ ಹುಡುಕಿಕೊಟ್ಟಳು. ಚೀಲ ಹರಿದು ಸೀರೆಗಳಿಗೆಲ್ಲ ಹಳಸಿದ ಸಾರು ಮೆತ್ತಿತ್ತು.

"ಅಳ್ಬ್ಯಾಡಿ ಸಾಮಿ, ಒಂದ್ಸಲ ಒಗುದ್ರೆ ವಾಸ್ನೆ ಎಲ್ಲಾ ಹೊಂಟೋಯ್ತದೆ" ಎಂದಳು.

ಒಳಮಡಿಕೆಯೊಂದರಲ್ಲಿ ಇನ್ನೂ ನಿನ್ನ ಪೌಡರಿನ ಪರಿಮಳವಿದೆ. ಬಕೆಟ್ಟಿಗೆ ನೀರು ತುಂಬಿಸಿ ಸಂಜೆಯಾಯಿತು. ಸೀರೆಗಳನ್ನು ಇನ್ನೂ ನೆನೆಹಾಕಿಲ್ಲ.