ಬಿಟ್ಟುಕೊಂಡ ಹೊಲಿಗೆ

ಅಕ್ಕಾ,

ನನ್ನ ಆಪರೇಷನ್ನಿನ ಹೊಲಿಗೆಯೂ ಬಿಟ್ಟುಕೊಂಡಿದೆ. ನಿನಗಾದಂತೆಯೇ ಜಠರದ ಮೇಲ್ಭಾಗ ಮತ್ತೆ ಎದೆಗೂಡಿನೊಳಗೆ ನುಸುಳಿರುವುದನ್ನು ಡಾಕ್ಟರು ಇವತ್ತು ಸ್ಕ್ಯಾನಿನಲ್ಲಿ ತೋರಿಸಿದರು.

"ಮತ್ತೆ ಆಪರೇಷನ್ ಮಾಡಿದ್ರೆ ಹೆಚ್ಚಿನವರಿಗೆ ಆರಾಮಾಗುತ್ತೆ. ಆದ್ರೆ ಮೊದಲ ಸಲದಷ್ಟು ಭರವಸೆ ಕೊಡೋಕಾಗಲ್ಲ. ಸಲ ಸಲಕ್ಕೂ ಕಷ್ಟ ಜಾಸ್ತಿ," ಎಂದರು.

ನಿನಗೂ ಹೀಗೇ ಹೇಳಿದ್ದರಂತೆ, ಅವರೇ ಅಂದರು. ಅವತ್ತು ನಿನ್ನ ಜೊತೆ ನಮ್ಮವರು ಯಾರೂ ಇರಲಿಲ್ಲ.

ಮೂರನೆಯ ಆಪರೇಷನ್ನಿಗೆ ಹೋದ ನೀನು ಮನೆಗೆ ಬರಲಿಲ್ಲ. ಅಮ್ಮನಿಗೆ ಗೊತ್ತಿರುವುದು ಅದೊಂದೇ. ಇವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೇ ನನ್ನ ಕೈ ಹಿಡಿದುಕೊಂಡಳು.

"ಬೇಡ ಕಣೋ. ಕೂತ್ಕೊಂಡೇ ನಿದ್ದೆ ಮಾಡು. ಹಾಲು ಕುಡ್ಕೊಂಡಾದ್ರೂ ಬದುಕಿರು."

"ಕುಡಿದ ನೀರೂ ನಿಲ್ತಿಲ್ಲಮ್ಮ," ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಡಾಕ್ಟರಿಗೆ ಆಗಲೇ ಫೋನ್ ಮಾಡಿ ಹೂಂ ಅಂದಿದ್ದೇನೆ. ನಾನು ಒರಗಿ ಮಲಗಲೆಂದು ಪಕ್ಕದ ಕೋಣೆಯಲ್ಲಿ ಅಮ್ಮ ನಿನ್ನ ದಿಂಬುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಳೆ.